ಸರ್ವೀಸ್ ಬುಕ್‌ನಲ್ಲಿ 19 ತಿಂಗಳು ಖಾಲಿ: ಸೆಕೆಂಡ್ ಹ್ಯಾಂಡ್ ಕಾರಿನ ವಾರಂಟಿ ಉಳಿದಿರುತ್ತದೆಯೇ?

ಓದುಗರ ಪ್ರಶ್ನೆ: ಡೀಲರ್ ಒಬ್ಬರ ಬಳಿ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನೋಡಿದ್ದೇನೆ. ಟರ್ಬೊ ಪೆಟ್ರೋಲ್ ಎಂಜಿನ್, ಆಟೊಮ್ಯಾಟಿಕ್ ಗೇರ್. ಕಾರಿಗೆ ನಾಲ್ಕು ವರ್ಷ, ಮೀಟರಿನಲ್ಲಿ 46,000 ಕಿ.ಮೀ. ಪ್ರತಿ 10,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಸರ್ವೀಸ್ ಆಗಬೇಕೆಂದು ಸರ್ವೀಸ್ ಬುಕ್‌ನಲ್ಲಿದೆ. ಮೊದಲ ಎರಡು ವರ್ಷ ಕಂಪನಿಯ ಸರ್ವೀಸ್ ಸೆಂಟರಿನ ಮುದ್ರೆಗಳಿವೆ, ಕೊನೆಯದು 21,000 ಕಿ.ಮೀ.ಗೆ. ನಂತರ 19 ತಿಂಗಳು ಏನೂ ಇಲ್ಲ. ಐದು ತಿಂಗಳ ಹಿಂದೆ, 43,000 ಕಿ.ಮೀ.ಗೆ, ಹೊರಗಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ ಬಿಲ್ ಒಂದಿದೆ. "ನಡುವೆ ಕಾರು ಹೆಚ್ಚು ಓಡಿಲ್ಲ, ಅದಕ್ಕೇ ಸರ್ವೀಸ್ ಮಾಡಿಸಿಲ್ಲ. ಕಂಪನಿಯ ಮೂರು ವರ್ಷದ ವಾರಂಟಿ ಮುಗಿದರೂ ಎಕ್ಸ್‌ಟೆಂಡೆಡ್ ವಾರಂಟಿ ಇನ್ನೊಂದು ವರ್ಷ ಇದೆ" ಎನ್ನುತ್ತಾರೆ ಡೀಲರ್. ಹೊರಗೆ ಸರ್ವೀಸ್ ಮಾಡಿಸಿದ ಕೂಡಲೇ ವಾರಂಟಿ ಹೋಯಿತು ಎಂದು ನನ್ನ ಗೆಳೆಯರ ವಾದ. ಕಾರು ಚೆನ್ನಾಗಿ ಓಡುತ್ತಿರುವಾಗ ಬುಕ್ ಯಾಕೆ ನೋಡಬೇಕು ಎಂದು ನನ್ನ ಭಾವ ಕೇಳುತ್ತಾರೆ. ಬೇಕಿದ್ದರೆ ಹೆಚ್ಚುವರಿ ಹಣಕ್ಕೆ ಆರು ತಿಂಗಳ ತಮ್ಮದೇ ವಾರಂಟಿ ಕೊಡುವುದಾಗಿ ಡೀಲರ್ ಹೇಳಿದ್ದಾರೆ. ಈ ಕಾರನ್ನು ಕೊಳ್ಳಬಹುದೇ?

ತಜ್ಞರ ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಆ 19 ತಿಂಗಳಲ್ಲಿ ಎಂಜಿನ್ನಿಗೆ ಪೆಟ್ಟು ಬಿದ್ದಿದೆಯೇ ಎಂಬುದು ಒಂದು, ಬಿದ್ದಿದ್ದರೆ ನಾಳೆ ರಿಪೇರಿಯ ಹಣ ಯಾರು ಕೊಡುತ್ತಾರೆ ಎಂಬುದು ಇನ್ನೊಂದು. ಡೀಲರ್ ಎರಡನೆಯದಕ್ಕೆ ಸಮಾಧಾನ ಹೇಳಿ ಮೊದಲನೆಯದನ್ನು ದಾಟಿಸುತ್ತಿದ್ದಾರೆ, ನಿಮ್ಮ ಭಾವ ಮೊದಲನೆಯದನ್ನಷ್ಟೇ ನೋಡಿ ಎರಡನೆಯದನ್ನು ಬಿಟ್ಟಿದ್ದಾರೆ. ಸರ್ವೀಸ್ ಸೆಂಟರಿನ ವಾರಂಟಿ ವಿಭಾಗದಲ್ಲಿ ಬಹಳ ಕಾಲ ಕ್ಲೈಮ್ ಕಡತಗಳನ್ನು ಪರಿಶೀಲಿಸಿ, ಈಗ ಹಳೆಯ ಕಾರು ಕೊಳ್ಳುವವರ ಪರವಾಗಿ ಕಾರು ಪರೀಕ್ಷಿಸುವ ಕೆಲಸ ಮಾಡುತ್ತಿರುವ ನನಗೆ ಈ ಎರಡನ್ನೂ ಜೊತೆಗಿಟ್ಟು ನೋಡದವರೇ ಹೆಚ್ಚು ಕಷ್ಟಕ್ಕೆ ಸಿಕ್ಕಿದ್ದು ಕಂಡಿದೆ. ವಾರಂಟಿ ಎಂಬುದು ಷರತ್ತುಗಳಿರುವ ಒಂದು ಕರಾರು, ಮತ್ತು ಆ ಷರತ್ತುಗಳಲ್ಲಿ ಮೊದಲು ನೋಡುವುದೇ ಸರ್ವೀಸ್ ದಾಖಲೆಯನ್ನು. ಕ್ಲೈಮ್ ಬಂದಾಗ ಪರಿಶೀಲಕರು ಮುರಿದ ಭಾಗವನ್ನು ನೋಡುವ ಮುನ್ನ ಕಡತ ತೆರೆದು ದಿನಾಂಕ ಮತ್ತು ಕಿಲೋಮೀಟರ್‌ಗಳನ್ನು ಸಾಲಾಗಿ ಓದುತ್ತಾರೆ. ಕೊಳ್ಳುವ ಮುನ್ನ ನೀವು ಮಾಡಬೇಕಾದದ್ದೂ ಅದನ್ನೇ.

ಹಾಗೆ ಓದಿದರೆ ಡೀಲರ್ ಹೇಳಿದ ಮೊದಲ ಮಾತೇ ನಿಲ್ಲುವುದಿಲ್ಲ. ಮೊದಲ 24 ತಿಂಗಳಲ್ಲಿ ಕಾರು 21,000 ಕಿ.ಮೀ. ಓಡಿದೆ, ಅಂದರೆ ತಿಂಗಳಿಗೆ ಸುಮಾರು 875 ಕಿ.ಮೀ. ದಾಖಲೆ ಇಲ್ಲದ 19 ತಿಂಗಳಲ್ಲಿ ಅದು 22,000 ಕಿ.ಮೀ. ಓಡಿದೆ, ತಿಂಗಳಿಗೆ 1,150 ಕಿ.ಮೀ.ಗೂ ಮಿಗಿಲು. ಹೆಚ್ಚು ಓಡಿಲ್ಲ ಎಂದು ಹೇಳಲಾದ ಅವಧಿಯಲ್ಲೇ ಕಾರು ಎಲ್ಲಕ್ಕಿಂತ ಹೆಚ್ಚು ಓಡಿದೆ. 31,000ಕ್ಕೆ ಒಮ್ಮೆ, 41,000ಕ್ಕೆ ಇನ್ನೊಮ್ಮೆ ಆಗಬೇಕಿದ್ದ ಸರ್ವೀಸ್‌ಗಳು ತಪ್ಪಿ, ಒಂದೇ ಆಯಿಲ್ ಎರಡು ಸರ್ವೀಸಿನಷ್ಟು ದೂರವನ್ನೂ ಮೀರಿ ಎಂಜಿನ್ನಿನಲ್ಲಿ ತಿರುಗಿರುವ ಸಾಧ್ಯತೆ ಇದೆ. ಡೀಲರ್ ಬೇಕೆಂದೇ ಸುಳ್ಳು ಹೇಳಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಹಿಂದಿನ ಮಾಲೀಕರು ಹೇಳಿದ್ದನ್ನೇ ಅವರು ನಿಮಗೆ ದಾಟಿಸಿರಬಹುದು. ಆದರೆ ಈ ಲೆಕ್ಕವನ್ನು ಅವರ ಮುಂದಿಟ್ಟು ಕೇಳುವುದು ನಿಮ್ಮ ಹಕ್ಕು.

ಇದೇ ಸಂದರ್ಭದಲ್ಲಿ ಬಹಳ ಮಂದಿ ನಂಬಿರುವ ಒಂದು ಮಾತನ್ನೂ ಸರಿಪಡಿಸಬೇಕು. ಕಾರು ನಿಜವಾಗಿಯೂ ಕಡಿಮೆ ಓಡಿದ್ದರೂ ವರ್ಷಕ್ಕೊಮ್ಮೆಯ ಸರ್ವೀಸ್ ತಪ್ಪಿಸುವಂತಿಲ್ಲ. ಕಿಲೋಮೀಟರ್ ಅಥವಾ ಅವಧಿ, ಯಾವುದು ಮೊದಲೋ ಅದು ಎಂದು ಬುಕ್‌ನಲ್ಲಿ ಬರೆದಿರುವುದಕ್ಕೆ ಕಾರಣವಿದೆ. ಚಿಕ್ಕ ಚಿಕ್ಕ ಓಡಾಟಗಳಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಆಗ ತೇವಾಂಶ ಮತ್ತು ಉರಿಯದ ಪೆಟ್ರೋಲ್ ಆಯಿಲ್‌ನಲ್ಲೇ ಉಳಿದುಬಿಡುತ್ತವೆ. ಬ್ರೇಕ್ ಆಯಿಲ್ ಕಾರು ನಿಂತಿದ್ದರೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂಬುದು ಮಾನದಂಡ, ತೇವ ಹೀರಿದ ಮೇಲೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಹಲವು ಕಂಪನಿಗಳು ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುವುದು ಇದಕ್ಕಾಗಿ. ನಿಮ್ಮ ಕಾರಿನಲ್ಲಿ ಎರಡನೆಯ ವರ್ಷದ ಸರ್ವೀಸಿನಲ್ಲಿ ಅದು ಬದಲಾಗಿತ್ತೇ, ಆಮೇಲೆ ಮತ್ತೆ ಬದಲಾಯಿತೇ ಎಂಬುದು ಮುದ್ರೆಯಿಂದ ತಿಳಿಯುವುದಿಲ್ಲ, ಜಾಬ್ ಕಾರ್ಡ್ (ಸರ್ವೀಸ್ ಸೆಂಟರಿನಲ್ಲಿ ಮಾಡಿದ ಕೆಲಸಗಳನ್ನು ಬರೆದಿಡುವ ಹಾಳೆ) ಅಥವಾ ಬಿಲ್ ನೋಡಿದರೆ ಮಾತ್ರ ತಿಳಿಯುತ್ತದೆ.

ಮುದ್ರೆಗೂ ಬಿಲ್ಲಿಗೂ ಇರುವ ಈ ವ್ಯತ್ಯಾಸ ದೊಡ್ಡದು. ಮುದ್ರೆ ಹೇಳುವುದು ಕಾರು ಅಲ್ಲಿಗೆ ಬಂದಿತ್ತು ಎಂಬುದನ್ನು, ಬಿಲ್ ಹೇಳುವುದು ಅಲ್ಲಿ ಏನು ಮಾಡಿದರು ಎಂಬುದನ್ನು. ಮುದ್ರೆಗಳನ್ನು ಆಮೇಲೆ ಒಟ್ಟಿಗೆ ಹಾಕಿಸಿಕೊಳ್ಳುವವರೂ ಇದ್ದಾರೆ. ಎರಡು ಮೂರು ವರ್ಷಗಳ ನಮೂದುಗಳೆಲ್ಲ ಒಂದೇ ಪೆನ್ನಿನ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ, ಕಿಲೋಮೀಟರ್‌ಗಳು 10,000, 20,000 ಎಂದು ದುಂಡಗೆ ಕೂತಿದ್ದರೆ, ಜಾಬ್ ಕಾರ್ಡ್ ಸಂಖ್ಯೆ ಎಲ್ಲಿಯೂ ಇಲ್ಲದಿದ್ದರೆ ಅನುಮಾನಿಸಬೇಕು. ಈಗ ಅನೇಕ ಕಂಪನಿಗಳು ದಾಖಲೆಯನ್ನು ತಮ್ಮ ಕಂಪ್ಯೂಟರಿನಲ್ಲೇ ಇಡುತ್ತವೆ. ಚಾಸಿಸ್ ನಂಬರ್ ಕೊಟ್ಟರೆ, ಮಾಲೀಕರ ಒಪ್ಪಿಗೆ ಇದ್ದಲ್ಲಿ, ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಕೆಲಸ ಆಯಿತು ಎಂಬ ಪಟ್ಟಿ ಸಿಗುತ್ತದೆ. ಆದ್ದರಿಂದ ಈಗಿನ ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅಥವಾ ಅವರಿಂದ ಒಂದು ಒಪ್ಪಿಗೆಪತ್ರ ಪಡೆದು ಕೇಳಿ. ಆ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಸೊನ್ನೆ, ಒಂದು ಎಂಬ ಅಂಕಿಗಳೊಡನೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ, ಬರೆದುಕೊಳ್ಳುವಾಗ ಇದು ನೆನಪಿರಲಿ. ಕಾರಿನ ಮೇಲೆ ಕೆತ್ತಿರುವ ನಂಬರನ್ನೂ ಕಾಗದದಲ್ಲಿರುವುದನ್ನೂ ನೀವೇ ಕಣ್ಣಾರೆ ಹೋಲಿಸಿ.

ಆ 19 ತಿಂಗಳಲ್ಲಿ ಬೇರೊಂದು ಗ್ಯಾರೇಜಿನಲ್ಲಿ ನಿಜವಾಗಿಯೂ ಸರ್ವೀಸ್ ಆಗಿದ್ದು, ಕಾಗದ ಮಾತ್ರ ಕಳೆದುಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. 43,000ಕ್ಕೆ ಬಿಲ್ ಕೊಟ್ಟ ಗ್ಯಾರೇಜಿಗೇ ಹೋಗಿ ಕೇಳಿ. ಹಳೆಯ ಗಿರಾಕಿಯ ಕಾರಾಗಿದ್ದರೆ ಅವರ ಪುಸ್ತಕದಲ್ಲಿ ಹಿಂದಿನ ಕೆಲಸವೂ ಇರಬಹುದು. ಆ ಬಿಲ್ಲಿನಲ್ಲಿ ಕಾರಿನ ನಂಬರ್, ಕಿಲೋಮೀಟರ್, ದಿನಾಂಕ, ಹಾಕಿದ ಆಯಿಲ್‌ನ ದರ್ಜೆ, ಫಿಲ್ಟರ್ ಬದಲಿಸಿದ ವಿವರ ಇವೆಯೇ ನೋಡಿ. ಬರೀ "ಆಯಿಲ್ ಚೇಂಜ್" ಎಂದು ಬರೆದ ಬಿಲ್ ಕ್ಲೈಮ್ ಸಮಯದಲ್ಲಿ ಹೆಚ್ಚು ತೂಗುವುದಿಲ್ಲ, ಏಕೆಂದರೆ ಟರ್ಬೊ ಎಂಜಿನ್ನಿಗೆ ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿದ್ದರೆಂದು ಅದು ತೋರಿಸುವುದಿಲ್ಲ.

ಇನ್ನು ಎಂಜಿನ್ನಿನ ಒಳಗೆ ಏನಾಗಿರಬಹುದು ಎಂಬ ವಿಷಯ. ಆಯಿಲ್ ಹಳತಾದಂತೆ ಕಲ್ಮಷವನ್ನು ಕರಗಿಸಿ ಹಿಡಿದಿಡುವ ಅದರ ಶಕ್ತಿ ಕುಗ್ಗುತ್ತದೆ, ಆಗ ಕಪ್ಪು ಜಿಡ್ಡು ಎಂಜಿನ್ನಿನ ಒಳಗೋಡೆಗಳಲ್ಲಿ, ಆಯಿಲ್ ಪಂಪಿನ ಜಾಲರಿಯಲ್ಲಿ, ತೆಳುವಾದ ನಾಳಗಳಲ್ಲಿ ಕೂರುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು. ಅದರ ಬೇರಿಂಗಿಗೆ ಆಸರೆ ಆಯಿಲ್‌ನ ತೆಳು ಪದರ ಮಾತ್ರ. ನಾಳ ಕಟ್ಟಿಕೊಂಡರೆ ಮೊದಲು ಸವೆಯುವುದು ಅಲ್ಲಿಯೇ. ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಮತ್ತು ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಪಿಸ್ಟನ್ ರಿಂಗ್‌ಗಳು ನಂತರದ ಸರದಿ. ಈ ಹಾನಿ ಒಮ್ಮೆಲೇ ಸದ್ದು ಮಾಡುವಂಥದ್ದಲ್ಲ. ಕಾರು ಚೆನ್ನಾಗಿಯೇ ಓಡುತ್ತದೆ, ಪಿಕಪ್ ಚೆನ್ನಾಗಿಯೇ ಇರುತ್ತದೆ, ಆಮೇಲೆ ಒಂದು ದಿನ ಬೆಳಗಿನ ಸ್ಟಾರ್ಟಿನಲ್ಲಿ ಚೈನ್ ಕಿರುಗುಟ್ಟುತ್ತದೆ ಅಥವಾ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣುತ್ತದೆ. ನಿಮ್ಮ ಭಾವ ಹೇಳಿದಂತೆ ಓಡಿಸಿ ನೋಡುವುದು ಅಗತ್ಯ, ಆದರೆ ಅದು ಇವತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ತಡವಾಗಿ ಕಾಣಿಸಿಕೊಳ್ಳುವ ದೋಷವನ್ನು ಅಂದಾಜು ಮಾಡಲು ದಾಖಲೆಯೇ ಬೇಕು. ಒಂದು ಸಮಾಧಾನವೂ ಇದೆ: ಆ 22,000 ಕಿ.ಮೀ. ಬಹುಪಾಲು ಹೆದ್ದಾರಿಯ ಉದ್ದ ಪ್ರಯಾಣಗಳಲ್ಲಿ ಕಳೆದಿದ್ದರೆ, ದಟ್ಟಣೆಯಲ್ಲಿ ನಿಂತು ನಿಂತು ಓಡಿದ ಕಾರಿಗಿಂತ ಹಾನಿ ಎಷ್ಟೋ ಕಡಿಮೆ ಇರುತ್ತದೆ. ಹಿಂದಿನ ಮಾಲೀಕರು ಕಾರನ್ನು ಯಾವುದಕ್ಕೆ ಬಳಸುತ್ತಿದ್ದರು ಎಂದು ಕೇಳುವುದು ಆದ್ದರಿಂದ ವ್ಯರ್ಥವಲ್ಲ.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಡೀಲರಿಗೂ ಹಿಂದಿನ ಮಾಲೀಕರಿಗೂ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಕಾರಿನ ಪರೀಕ್ಷೆ ಮಾಡಿಸಿ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಮೊದಲ ಸ್ಟಾರ್ಟ್ ಆಗಬೇಕು. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಆಯಿಲ್ ತುಂಬುವ ಮುಚ್ಚಳ ತೆಗೆಸಿ ಒಳಗೆ ಜಿಡ್ಡು ಇದೆಯೇ ನೋಡಿಸಿ, ಸಾಧ್ಯವಿದ್ದರೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿಸಿ. ಸ್ಕ್ಯಾನರ್ ಹಾಕಿದಾಗ ದೋಷದ ಕೋಡ್ ಇಲ್ಲ ಎಂಬುದರಿಂದಲೇ ತೃಪ್ತರಾಗಬೇಡಿ, ಏಕೆಂದರೆ ಮಾರುವ ಹಿಂದಿನ ದಿನ ಕೋಡ್‌ಗಳನ್ನು ಅಳಿಸುವುದು ಸುಲಭ. ಅಳಿಸಿದ ಮೇಲೆ ಕಾರು ಎಷ್ಟು ದೂರ ಓಡಿದೆ ಎಂಬುದನ್ನು ಬಹಳಷ್ಟು ಕಾರುಗಳ ಕಂಪ್ಯೂಟರ್ ಪ್ರತ್ಯೇಕವಾಗಿ ನೆನಪಿಟ್ಟುಕೊಂಡಿರುತ್ತದೆ, ಕಾರಿನ ಸ್ವಯಂ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಎಂದೂ ತೋರಿಸುತ್ತದೆ. ಆ ದೂರ ಕೆಲವೇ ಕಿಲೋಮೀಟರ್ ಇದ್ದರೆ ಯಾಕೆ ಅಳಿಸಿದರು ಎಂದು ಕೇಳಲೇಬೇಕು. ಬ್ಯಾಟರಿ ಕಳಚಿದ್ದರಿಂದಲೂ ಹಾಗಾಗಿರಬಹುದು, ಬಿಲ್ ಇದ್ದರೆ ತೋರಿಸಲಿ.

ಮೀಟರಿನ ಮೇಲೂ ಒಂದು ಕಣ್ಣಿರಲಿ. ಡಿಜಿಟಲ್ ಮೀಟರನ್ನು ತಿರುಗಿಸಲಾಗದು ಎಂಬುದು ತಪ್ಪು ಕಲ್ಪನೆ. ತಪ್ಪು ಕಿಲೋಮೀಟರ್ ತೋರಿಸಿ ಮಾರಾಟವಾಗುವ ವಾಹನಗಳು ವರ್ಷಕ್ಕೆ 4,50,000ಕ್ಕೂ ಹೆಚ್ಚು ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಆ ಒಂದು ದೇಶಕ್ಕೇ ಅಂದಾಜು ಮಾಡಿದೆ. ಬೆಲ್ಜಿಯಂನಲ್ಲಿ ಪ್ರತಿ ಸರ್ವೀಸಿನ ಕಿಲೋಮೀಟರನ್ನೂ ಒಂದೇ ಕಡೆ ದಾಖಲಿಸಿ, ಹಳೆಯ ಕಾರು ಮಾರುವಾಗ ಕಾರ್-ಪಾಸ್ ಎಂಬ ಪತ್ರ ಕೊಡುವುದನ್ನು 2006ರಿಂದ ಕಡ್ಡಾಯ ಮಾಡಿರುವುದು ಈ ಮೋಸವನ್ನು ತಡೆಯಲೆಂದೇ. ಅಂಥ ವ್ಯವಸ್ಥೆ ಇಲ್ಲದ ಕಡೆ ಸರ್ವೀಸ್ ದಾಖಲೆಯೇ ನಿಮಗಿರುವ ಅಳತೆಗೋಲು. ಕಿಲೋಮೀಟರ್ ಎಲ್ಲಿಯೂ ಹಿಂದಕ್ಕೆ ಹೋಗದೆ ಏರುತ್ತಾ ಬಂದಿರಬೇಕು, ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರ್, ಸ್ಟೀರಿಂಗಿನ ಹಿಡಿ, ಚಾಲಕರ ಸೀಟಿನ ಅಂಚು ಅದಕ್ಕೆ ಹೊಂದುವಷ್ಟೇ ಸವೆದಿರಬೇಕು. ನಿಮ್ಮದು ಆಟೊಮ್ಯಾಟಿಕ್ ಆದ್ದರಿಂದ ಕ್ಲಚ್ ಪೆಡಲಿನ ಮಾತಿಲ್ಲ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಿ: 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದದ್ದು. ಟೈರುಗಳು ಕಾರಿಗಿಂತ ಬಹಳ ಹೊಸವಾಗಿದ್ದು, ಮೊದಲ ಸೆಟ್ 30,000 ಕಿ.ಮೀ.ಗೇ ಸವೆಯಿತು ಎಂದರೆ ಅದಕ್ಕೂ ವಿವರಣೆ ಬೇಕು.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ಹೊರಗೆ ಸರ್ವೀಸ್ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂಬುದು ಅರ್ಧ ಸತ್ಯ. ವಾರಂಟಿ ಬೇಕಾದರೆ ತಮ್ಮ ಬಿಡಿಭಾಗವನ್ನೇ ಅಥವಾ ತಮ್ಮ ಸರ್ವೀಸನ್ನೇ ಹಣ ಕೊಟ್ಟು ಕೊಳ್ಳಬೇಕೆಂದು ತಯಾರಕರು ಷರತ್ತು ಹಾಕುವುದನ್ನು ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಸಾಮಾನ್ಯವಾಗಿ ತಡೆಯುತ್ತದೆ. ಯುರೋಪಿಯನ್ ಒಕ್ಕೂಟದ 2002 ಮತ್ತು 2010ರ ಸ್ಪರ್ಧಾ ನಿಯಮಗಳೂ ಹೊರಗಿನ ಗ್ಯಾರೇಜುಗಳಿಗೆ ಇಂಥದೇ ಅವಕಾಶ ಕೊಟ್ಟಿವೆ. ಬೇರೆಡೆ ಅಲ್ಲಿನ ಕಾನೂನು ಮತ್ತು ವಾರಂಟಿ ಪುಸ್ತಕದ ಮಾತು ಎರಡನ್ನೂ ನೋಡಬೇಕು. ಆದರೆ ಈ ನಿಯಮಗಳು ಕೊಡುವ ಸ್ವಾತಂತ್ರ್ಯ ಎಲ್ಲಿ ಸರ್ವೀಸ್ ಮಾಡಿಸಬೇಕು ಎಂಬುದಕ್ಕೆ ಮಾತ್ರ. ಸರ್ವೀಸನ್ನೇ ಮಾಡಿಸದಿರುವುದಕ್ಕೆ ಯಾವ ಕಾನೂನೂ ರಕ್ಷಣೆ ಕೊಡುವುದಿಲ್ಲ. ನಿಮ್ಮ ಕಾರಿನಲ್ಲಿ ತೊಡಕಾಗಿರುವುದು 43,000ಕ್ಕೆ ಹೊರಗೆ ಆದ ಸರ್ವೀಸಿಗಿಂತ ಹೆಚ್ಚಾಗಿ ಅದಕ್ಕೆ ಹಿಂದಿನ ಖಾಲಿ ಅವಧಿ.

ಎಕ್ಸ್‌ಟೆಂಡೆಡ್ ವಾರಂಟಿಯ ವಿಷಯ ಇನ್ನೂ ಸೂಕ್ಷ್ಮ. ಅದು ಸಾಮಾನ್ಯವಾಗಿ ಕಂಪನಿಯ ಮೂಲ ವಾರಂಟಿಯ ಮುಂದುವರಿಕೆಯಲ್ಲ, ಪ್ರತ್ಯೇಕವಾದ ಕರಾರು. ಕಂಪನಿಯ ಸರ್ವೀಸ್ ಸೆಂಟರಿನಲ್ಲೇ, ನಿಗದಿತ ಅವಧಿಗೆ ಅಲ್ಪಸ್ವಲ್ಪ ಹಿಂದೆ ಮುಂದೆ, ಎಲ್ಲ ಸರ್ವೀಸ್ ಆಗಿರಬೇಕು ಎಂಬ ಷರತ್ತು ಅದರಲ್ಲಿ ಇರಬಹುದು. ಕೆಲವು ಕರಾರುಗಳಲ್ಲಿ ಸರ್ವೀಸ್ ತಪ್ಪಿದ್ದಕ್ಕೆ ಸಂಬಂಧಿಸಿದ ದೋಷವನ್ನಷ್ಟೇ ತಿರಸ್ಕರಿಸುತ್ತಾರೆ: ಆಯಿಲ್ ಬದಲಿಸದಿದ್ದರೆ ಟರ್ಬೊದ ಕ್ಲೈಮ್ ಹೋಗುತ್ತದೆ, ಕಿಟಕಿಯ ಮೋಟಾರಿನ ಕ್ಲೈಮ್ ಉಳಿಯುತ್ತದೆ. ಇನ್ನು ಕೆಲವುದರಲ್ಲಿ ಒಂದು ಸರ್ವೀಸ್ ತಪ್ಪಿದರೆ ಕರಾರೇ ರದ್ದು. ಮಾಲೀಕರು ಬದಲಾದಾಗ ವಾರಂಟಿ ತಾನಾಗಿ ನಿಮ್ಮ ಹೆಸರಿಗೆ ಬರುತ್ತದೆ ಎಂದೂ ತಿಳಿಯಬೇಡಿ. ನಿಗದಿತ ದಿನಗಳೊಳಗೆ ಅರ್ಜಿ, ಶುಲ್ಕ, ಕೆಲವೊಮ್ಮೆ ಕಾರಿನ ತಪಾಸಣೆ ಬೇಕಾಗುತ್ತದೆ. ವಾರಂಟಿ ವರ್ಗವಾದರೂ ಮೊದಲ ಮಾಲೀಕರಿಗೆ ಇದ್ದಷ್ಟು ಉಳಿಯದಿರಬಹುದು. ಅಮೆರಿಕದಲ್ಲಿ ಹ್ಯುಂಡೈ ಕಂಪನಿ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಕೊಡುವ 10 ವರ್ಷ ಅಥವಾ 1,00,000 ಮೈಲಿಯ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ, ನಂತರದವರಿಗೆ ಅದು 5 ವರ್ಷ ಅಥವಾ 60,000 ಮೈಲಿ. ಅವಧಿಯ ಲೆಕ್ಕ ಶುರುವಾಗುವುದು ಕಾರು ಮೊದಲ ಬಾರಿ ಬಳಕೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಕಾರನ್ನು ಬಾಡಿಗೆಗೆ ಓಡಿಸಿದ್ದರೆ, ಹೊರಗಿನ ಗ್ಯಾಸ್ ಕಿಟ್ ಹಾಕಿಸಿದ್ದರೆ, ಎಂಜಿನ್ ಕಂಪ್ಯೂಟರನ್ನು ಟ್ಯೂನ್ ಮಾಡಿಸಿದ್ದರೆ, ಅಪಘಾತ ಅಥವಾ ನೀರಿನಲ್ಲಿ ಮುಳುಗಿ ಟೋಟಲ್ ಲಾಸ್ (ರಿಪೇರಿ ಮಾಡಿಸಿ ಪ್ರಯೋಜನವಿಲ್ಲ ಎಂದು ವಿಮಾ ಸಂಸ್ಥೆ ತೀರ್ಮಾನಿಸಿದ ಕಾರು) ಆಗಿದ್ದರೆ ವಾರಂಟಿ ಉಳಿದಿರುವುದು ಕಷ್ಟ. ಮುಳುಗಿದ ಕಾರಿನ ಗುರುತಿಗೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಬ್ರೇಕ್ ಪ್ಯಾಡ್, ವೈಪರ್, ಫಿಲ್ಟರ್, ಟೈರ್ ಮುಂತಾದ ಸವೆಯುವ ಭಾಗಗಳು ಹೇಗೂ ವಾರಂಟಿಯ ಹೊರಗೆ.

ಇದಕ್ಕೆ ಸೇರದ, ಆದರೆ ಅದೇ ಚಾಸಿಸ್ ನಂಬರಿನಿಂದ ತಿಳಿಯುವ ಇನ್ನೊಂದು ವಿಷಯ ರೀಕಾಲ್. ಸುರಕ್ಷತೆಯ ದೋಷಕ್ಕೆ ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆಸಿದಾಗ ಆ ರಿಪೇರಿ ಸಾಮಾನ್ಯವಾಗಿ ಉಚಿತ, ವಾರಂಟಿ ಮುಗಿದಿದ್ದರೂ, ಮಾಲೀಕರು ಬದಲಾಗಿದ್ದರೂ ಸರಿ. ಟಕಾಟ ಕಂಪನಿಯ ಏರ್‌ಬ್ಯಾಗುಗಳಲ್ಲಿ ಬಳಸಿದ್ದ ಅಮೋನಿಯಂ ನೈಟ್ರೇಟ್ ಬಿಸಿ ಮತ್ತು ತೇವದಲ್ಲಿ ಕೆಟ್ಟು, ಏರ್‌ಬ್ಯಾಗ್ ಸಿಡಿದು ಲೋಹದ ಚೂರುಗಳು ಜನರ ಪ್ರಾಣ ತೆಗೆದ ಮೇಲೆ ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ಕರೆಸಬೇಕಾಯಿತು. ಕಾರು ಕೈ ಬದಲಾದಾಗ ಇಂಥ ಪತ್ರಗಳು ಹಳೆಯ ವಿಳಾಸಕ್ಕೇ ಹೋಗಿಬಿಡುತ್ತವೆ. ಬಾಕಿ ರೀಕಾಲ್ ಇದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ನನಗೆ ಸರಿ ಕಾಣುವುದು ಇದು. ಎಕ್ಸ್‌ಟೆಂಡೆಡ್ ವಾರಂಟಿ ಕೊಟ್ಟ ಸಂಸ್ಥೆಗೆ ಚಾಸಿಸ್ ನಂಬರ್ ಸಹಿತ ಬರೆದು, 21,000 ಮತ್ತು 43,000 ಕಿ.ಮೀ. ನಡುವೆ ಸರ್ವೀಸ್ ದಾಖಲೆ ಇಲ್ಲ ಎಂಬುದನ್ನು ಮುಚ್ಚಿಡದೆ ತಿಳಿಸಿ, ಎಂಜಿನ್, ಟರ್ಬೊ ಮತ್ತು ಗೇರ್‌ಬಾಕ್ಸಿನ ಕ್ಲೈಮ್ ಇಂದಿಗೂ ನಡೆಯುತ್ತದೆಯೇ, ನನ್ನ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಕೇಳಿ. ಉತ್ತರ ಲಿಖಿತದಲ್ಲಿ ಬರಲಿ. ಡೀಲರ್ ಬಾಯಲ್ಲಿ ಹೇಳುವ ಭರವಸೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಕ್ಲೈಮಿನ ಹಣ ಕೊಡುವವರು ಅವರಲ್ಲ. ಹೌದು ಎಂಬ ಉತ್ತರ ಬಂದು, ಮೆಕ್ಯಾನಿಕ್ ಪರೀಕ್ಷೆಯಲ್ಲೂ ಕಾರು ಸರಿ ಇದ್ದರೆ ಕೊಳ್ಳಬಹುದು. ಇಲ್ಲ ಎಂದು ಬಂದರೂ ಕಾರನ್ನು ಬಿಡಲೇಬೇಕೆಂದಿಲ್ಲ. ಆಗ ಅದನ್ನು ವಾರಂಟಿ ಇಲ್ಲದ ಕಾರೆಂದು ಪರಿಗಣಿಸಿ, ಬಾಕಿ ಉಳಿದ ಸರ್ವೀಸ್, ಬ್ರೇಕ್ ಆಯಿಲ್, ಕಂಪನಿ ಹೇಳಿದ್ದರೆ ಗೇರ್‌ಬಾಕ್ಸ್ ಆಯಿಲ್ ಇವುಗಳ ಖರ್ಚನ್ನೂ, ಟರ್ಬೊ ಕೆಟ್ಟರೆ ನೀವೇ ಹೊರಬೇಕಾದ ಅಪಾಯವನ್ನೂ ಬೆಲೆಯಲ್ಲಿ ಇಳಿಸಿಕೊಳ್ಳಬೇಕು. ಆ ಅಪಾಯವನ್ನು ಹೊರುವ ಶಕ್ತಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಎಷ್ಟೇ ಬೆಲೆ ಇಳಿದರೂ ಬೇಡ. ಅದೇ ಹಣಕ್ಕೆ ಹೆಚ್ಚು ಓಡಿದ, ಆದರೆ ಪ್ರತಿ ಬಿಲ್ಲೂ ಇರುವ ಕಾರನ್ನು ನಾನು ಆರಿಸುತ್ತೇನೆ.

ಡೀಲರಿನ ಆರು ತಿಂಗಳ ವಾರಂಟಿಗೆ ಹಣ ಕೊಡುವ ಮುನ್ನ ಅದರ ಕಾಗದವನ್ನು ಮನೆಗೆ ತಂದು ಓದಿ. ಕ್ಲೈಮಿನ ಹಣ ಕೊಡುವವರು ಡೀಲರೇ ಅಥವಾ ಬೇರೊಂದು ವಿಮಾ ಸಂಸ್ಥೆಯೇ, ಒಂದು ಕ್ಲೈಮಿಗೆ ಗರಿಷ್ಠ ಎಷ್ಟು, ಕೂಲಿ ಮತ್ತು ದೋಷ ಪತ್ತೆ ಮಾಡುವ ಖರ್ಚು ಸೇರಿದೆಯೇ, ರಿಪೇರಿ ಯಾವ ಗ್ಯಾರೇಜಿನಲ್ಲಿ ಎಂಬುದನ್ನು ನೋಡಿ. ನಿಮ್ಮ ಕಾರಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು "ಮಾರಾಟಕ್ಕೆ ಮೊದಲೇ ಇದ್ದ ದೋಷಗಳು ಸೇರುವುದಿಲ್ಲ" ಎಂಬುದು. ಆಯಿಲ್ ಬದಲಿಸದೆ ಸವೆದ ಟರ್ಬೊ ಮೂರನೆಯ ತಿಂಗಳು ಕೈಕೊಟ್ಟರೆ, ಸವೆತ ನೀವು ಕೊಳ್ಳುವ ಮೊದಲೇ ಆದದ್ದು ಎನ್ನಲು ಆ ಒಂದು ಸಾಲು ಸಾಕು. ಮಾರಾಟದ ದಿನ ಎಂಜಿನ್, ಟರ್ಬೊ, ಗೇರ್‌ಬಾಕ್ಸ್ ಸರಿಯಿದ್ದವು ಎಂಬ ಪರೀಕ್ಷಾ ವರದಿಗೆ ಡೀಲರ್ ಸಹಿ ಹಾಕಿ ಅದನ್ನು ವಾರಂಟಿ ಕಾಗದಕ್ಕೆ ಲಗತ್ತಿಸಲು ಒಪ್ಪಿದರೆ ಆ ಆರು ತಿಂಗಳಿಗೆ ಬೆಲೆಯಿದೆ. ಒಪ್ಪದಿದ್ದರೆ ಆ ಹಣವನ್ನು ಮೊದಲ ಸರ್ವೀಸಿಗೆ ಇಟ್ಟುಕೊಳ್ಳಿ. ವಾರಂಟಿ ಸಂಸ್ಥೆಯ ಲಿಖಿತ ಉತ್ತರ ಮತ್ತು ಮೆಕ್ಯಾನಿಕ್ ವರದಿ ಎರಡೂ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಕಾರು ಕೈತಪ್ಪಬಾರದೆಂದು ಕೊಡಲೇಬೇಕಾಗಿ ಬಂದರೆ, ಈ ಎರಡರಲ್ಲಿ ಯಾವುದು ಸರಿಬರದಿದ್ದರೂ ಮುಂಗಡ ಪೂರ್ತಿ ವಾಪಸ್ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ.